ಹಿನ್ನೆಲೆಗೆ ಎರಡು ಮಾರ್ಕು

ನನ್ನ ಮದುವೆಯ ಕಾಗದ ಕೊಡಲು ಹೋದಾಗ ಸರ್ ಅದನ್ನು ಎರಡು ಸಲ ಓದಿದರು. ಜೇಬಿನಿಂದ ಕೆಂಪು ಪೆನ್ನು ತೆಗೆದು, ಮೂಲೆಯಲ್ಲಿ ಹತ್ತಕ್ಕೆ ಆರು ಎಂದು ಬರೆದು ನನ್ನ ಕೈಗೇ ಕೊಟ್ಟರು. ನಾನು ಪೆಚ್ಚಾಗಿ ನಿಂತೆ.

“ಹಿನ್ನೆಲೆ ಎಲ್ಲಿ ಅದನೋ ಇದರಾಗ? ಹೆಸರು, ತಾರೀಖು, ಜಾಗಾ, ಮುಗೀತು. ಕುಂದಾಪುರದ ಹುಡುಗಗ ಘಾಟಕೋಪರದ ಹುಡುಗಿ ಹೆಂಗ ಗಂಟು ಬಿದ್ಲು ಅಂತ ಒಂದು ಸಾಲರೆ ಬೇಕಿಲ್ಲೇನು?”

ಆಮೇಲೆ ನಕ್ಕು, ಕಾಗದವನ್ನು ವಾಪಸು ಕಸಿದು ಜೇಬಿಗಿಟ್ಟುಕೊಂಡರು. ಮದುವೆಗೆ ಅಡುಗೆಯವರಿಗಿಂತ ಮೊದಲು ಬಂದು ಕೂತಿದ್ದರು.

ಸರ್ ತೀರಿಕೊಂಡು ಇನ್ನೂ ತಿಂಗಳಾಗಿಲ್ಲ. ಹೆಸರು ಬರೆಯಬೇಡ ಎಂದು ಅಮ್ಮ ಹೇಳಿದ್ದಾರೆ. ಅಮ್ಮ ಎಂದರೆ ಅವರ ಹೆಂಡತಿ, ನಾವು ಶಿಷ್ಯರೆಲ್ಲ ಕರೆಯುವುದು ಹಾಗೇ. ಹೆಸರಿಲ್ಲದೆ ಬರೆಯುತ್ತಿದ್ದೇನೆ. ಎಷ್ಟು ಮಾರ್ಕು ಕೊಡುತ್ತಿದ್ದರೋ ಗೊತ್ತಿಲ್ಲ.

ಬೈಕುಲ್ಲಾದ ಕನ್ನಡ ರಾತ್ರಿ ಶಾಲೆಯಲ್ಲಿ ಅವರು ನಮಗೆ ಇತಿಹಾಸ ಕಲಿಸಿದರು. ವಿಜಯಪುರದ ಕಡೆಯವರು, ಮುಂಬಯಿಯಲ್ಲಿ ನಲವತ್ತು ವರ್ಷ ಕಳೆದರೂ ಮಾತು ಒಂದಿಷ್ಟೂ ಕದಲಿರಲಿಲ್ಲ. ನಾವು ಹೆಚ್ಚಿನವರು ಕರಾವಳಿಯಿಂದ ಬಂದು ಹೋಟೆಲುಗಳಲ್ಲಿ ತಟ್ಟೆ ಎತ್ತುತ್ತಿದ್ದವರು. ಸಂಜೆ ಡ್ಯೂಟಿ ಬದಲಾದ ಕೂಡಲೇ ಓಡಿ ಬಂದು, ಸಾಂಬಾರಿನ ವಾಸನೆಯ ಅಂಗಿಯಲ್ಲೇ ಬೆಂಚಿನ ಮೇಲೆ ತೂಕಡಿಸುತ್ತಿದ್ದೆವು. ತೂಕಡಿಸುವವರನ್ನು ಸರ್ ಬೈಯುತ್ತಿರಲಿಲ್ಲ. ಪಕ್ಕದಲ್ಲಿ ಬಂದು ನಿಂತು ದನಿ ತಗ್ಗಿಸುತ್ತಿದ್ದರು. ದನಿ ತಗ್ಗಿದರೆ ನಮಗೆ ಎಚ್ಚರವಾಗುತ್ತಿತ್ತು, ಅದು ಯಾಕೋ ಇವತ್ತಿಗೂ ತಿಳಿದಿಲ್ಲ.

ಜಲಸಂಧಿ ಎಂಬ ಪಾಠ ಬಂದ ದಿನ ಯಾರಿಗೂ ತಲೆಬುಡ ಗೊತ್ತಾಗಲಿಲ್ಲ. ಸರ್ ಪುಸ್ತಕ ಮುಚ್ಚಿದರು.

“ನಿಮ್ಮ ಹೋಟೆಲಿನ್ಯಾಗ ಅಡಗಿಮನಿಯಿಂದ ಹೊರಗ ಬರಲಿಕ್ಕ ಎಷ್ಟು ಬಾಗಲ ಅದಾವು?”

“ಒಂದೇ ಸರ್.”

ನನ್ನನ್ನು ಎಬ್ಬಿಸಿ ತರಗತಿಯ ಬಾಗಿಲಲ್ಲಿ ಕೈ ಅಡ್ಡ ಹಿಡಿಸಿ ನಿಲ್ಲಿಸಿದರು. ಎಡಗಡೆಯ ಬೆಂಚಿನವರು ಒಂದು ಸಾಮ್ರಾಜ್ಯ, ಬಲಗಡೆಯವರು ಇನ್ನೊಂದು. ಇಬ್ಬರಿಗೂ ಯುದ್ಧ, ಇಬ್ಬರಿಗೂ ಬಾಗಿಲು ಬೇಕು. ಇವನ ಜೊತೆ ಮಾತಾಡಿಕೊಳ್ಳಿ ಎಂದು ಹೇಳಿ ಕಿಟಕಿಯ ಹತ್ತಿರ ಹೋಗಿ ನಿಂತುಬಿಟ್ಟರು. ಹತ್ತೇ ನಿಮಿಷದಲ್ಲಿ ಒಬ್ಬ ನನಗೆ ತನ್ನ ವಾರದ ರಜೆ ಬಿಟ್ಟುಕೊಡುತ್ತೇನೆ ಎಂದ. ಇನ್ನೊಬ್ಬ ಹೊಸ ಚಪ್ಪಲಿ ಎಂದ. ಮೂರನೆಯವ ಎಲುಬು ಮುರಿಯುತ್ತೇನೆ ಎಂದ. ಊರು ಬಿಟ್ಟು ಬಂದ ಮೇಲೆ ನನ್ನನ್ನು ಯಾರಾದರೂ ಬೇಡಿಕೊಂಡದ್ದು ಅದೇ ಮೊದಲು.

“ನೋಡ್ರಿ, ಇವನ ಕಡೆ ದಂಡಿಲ್ಲ, ರೊಕ್ಕಿಲ್ಲ, ಮೈಯಾಗ ಶಕ್ತಿನೂ ಇಲ್ಲ. ಆದ್ರ ಬಾಗಲ ಅದ. ಅದಕ್ಕ ಎರಡೂ ಕಡೆಯವರು ಇವಂಗ ಕಾಗದ ಬರೀಲಿಕ್ಕ ಹತ್ಯಾರ.”

ಅಲ್ಲಿಂದ ಕಪ್ಪು ಸಮುದ್ರಕ್ಕೆ ಹೋದರು. ಆ ಸಮುದ್ರದ ಬಾಗಿಲು ಸುಲ್ತಾನನ ಕೈಯಲ್ಲಿದ್ದಾಗ ರಷ್ಯದವರು, ಇಂಗ್ಲಿಷರು ಅವನನ್ನು ಹೇಗೆ ಓಲೈಸಿದರು, ಹೇಗೆ ಹೆದರಿಸಿದರು, ಒಬ್ಬರಿಗೆ ಮಾತು ಕೊಟ್ಟು ಇನ್ನೊಬ್ಬರಿಗೂ ಅವನು ಹೇಗೆ ಮಾತು ಕೊಟ್ಟ ಎಂದೆಲ್ಲ ಹೇಳಿದರು. ಅವತ್ತು ಯಾರೂ ತೂಕಡಿಸಲಿಲ್ಲ.

ಪರೀಕ್ಷೆಗೆ ಅವರದೊಂದು ಕಟ್ಟುಪಾಡಿತ್ತು. ಯಾವ ಪ್ರಶ್ನೆಯೇ ಇರಲಿ, ಉತ್ತರದಲ್ಲಿ ಮೊದಲು ಹಿನ್ನೆಲೆ, ಆಮೇಲೆ ಕಾರಣ, ಘಟನೆ, ಪರಿಣಾಮ. ಹಿನ್ನೆಲೆಗೆ ಎರಡು ಮಾರ್ಕು. ಬೇರೆ ಏನೂ ಬಾರದಿದ್ದರೂ ಹಿನ್ನೆಲೆ ಬರೆದು ಪಾಸಾದವರು ನಮ್ಮಲ್ಲಿ ಬಹಳ ಮಂದಿ, ನಾನೂ ಅದರಲ್ಲಿ ಒಬ್ಬ. ಸರ್ ಹೇಳಿದ್ದನ್ನು ತಿರುಗಿ ಪ್ರಶ್ನಿಸುವ ರೂಢಿ ನಮಗಾರಿಗೂ ಇರಲಿಲ್ಲ. ಹೋಟೆಲಿನಲ್ಲಿ ದಿನವಿಡೀ ‘ಏಯ್’ ಎನಿಸಿಕೊಂಡವರನ್ನು ಅವರೊಬ್ಬರೇ ಹೆಸರು ಹಿಡಿದು ಕರೆಯುತ್ತಿದ್ದರು. ಅಂಥವರನ್ನು ತಿದ್ದಲು ಬಾಯಾದರೂ ಹೇಗೆ ಬಂದೀತು?

ಅವರ ದಯೆಯಿಂದ ಮೆಟ್ರಿಕ್ ಮುಗಿಸಿ, ಟೈಪಿಂಗ್ ಕಲಿತು, ಗ್ರಾಂಟ್ ರೋಡ್ ಸ್ಟೇಷನ್ನಿನ ಹತ್ತಿರ ಟೈಪಿಂಗ್, ಜೆರಾಕ್ಸಿನ ಒಂದು ಗೂಡಂಗಡಿ ಹಾಕಿದೆ. ನಿವೃತ್ತಿಯಾದ ಮೇಲೆ ಸರ್ ವಾರಕ್ಕೆರಡು ಸಲ ಬೈಕುಲ್ಲಾದಿಂದ ಬಸ್ಸು ಹಿಡಿದು ಬರುತ್ತಿದ್ದರು. ಪಕ್ಕದ ಉಡುಪಿ ಹೋಟೆಲಿನಿಂದ ಚಹಾ ತರಿಸಿದರೆ ಬಸಿಗೆ ಸುರಿದು ಸದ್ದು ಮಾಡಿಕೊಂಡು ಕುಡಿಯುವರು. ಗಿರಾಕಿಗಳ ಅರ್ಜಿಗಳನ್ನು ಕೇಳದೆಯೇ ಓದಿ ಮಾರ್ಕು ಹಾಕುವರು. ಒಮ್ಮೆ ಒಬ್ಬ ವಕೀಲರ ನೋಟೀಸಿಗೆ ಹತ್ತಕ್ಕೆ ಮೂರು ಹಾಕಿದರು, ಆ ವಕೀಲರು ಮತ್ತೆ ನನ್ನ ಅಂಗಡಿಗೆ ಕಾಲಿಡಲಿಲ್ಲ.

ಅವರಿಗೆ ಒಬ್ಬಳೇ ಮಗಳು. ತಡವಾಗಿ ಹುಟ್ಟಿದವಳು, ಗೋಡೆಯ ಮೇಲಿನ ಭೂಪಟದ ಕೆಳಗೆ ಬೆಳೆದವಳು. ಹಡಗಿನ ಕೋರ್ಸಿಗೆ ಸೇರುತ್ತೇನೆಂದಾಗ ನೆಂಟರೆಲ್ಲ ಹೌಹಾರಿದರು. ಹುಡುಗಿ ಗಂಡಸರ ನಡುವೆ ತಿಂಗಳುಗಟ್ಟಲೆ ಸಮುದ್ರದಲ್ಲಿ ಇರುವುದೇ ಎಂದು ಅಮ್ಮನೂ ಅತ್ತರು. ಸರ್ ಮಾತ್ರ, “ಅಕಿ ನಕಾಶೆ ಓದ್ತಾಳ, ನಾ ಹೆಂಗ ಬ್ಯಾಡನ್ನಲಿ?” ಎಂದರು. ಅವಳು ತೈಲದ ಹಡಗಿನಲ್ಲಿ ಥರ್ಡ್ ಆಫೀಸರ್ ಆದ ದಿನ ನನ್ನ ಅಂಗಡಿಗೆ ಪೇಢೆ ತಂದು, ಜೆರಾಕ್ಸಿಗೆ ನಿಂತ ಅಷ್ಟೂ ಗಿರಾಕಿಗಳಿಗೆ ಹಂಚಿದರು.

ಆ ಹಡಗು ಕೊಲ್ಲಿಯ ಒಳಗೆ ಎಣ್ಣೆ ತುಂಬಿಸಿಕೊಳ್ಳುತ್ತಿದ್ದಾಗ ಯುದ್ಧ ಶುರುವಾಯಿತು.

ಹೊರ್ಮುಜ್ ಜಲಸಂಧಿಯ ವಿಷಯ ಈಗ ಮಕ್ಕಳಿಗೂ ಗೊತ್ತು. ದಂಡೆಯ ಮೇಲಿನ ದೇಶ ಬಾಗಿಲು ಹಾಕಿತು. ನಮ್ಮನ್ನು ಕೇಳದೆ ಯಾರೂ ಹೋಗುವಂತಿಲ್ಲ ಎಂದಿತು. ಅದರ ಎದುರಾಳಿಯಾದ ದೊಡ್ಡ ದೇಶ, ಹಾಗಾದರೆ ನಿಮ್ಮ ಹಡಗುಗಳೂ ಹೋಗುವಂತಿಲ್ಲ ಎಂದು ಹೊರಗಡೆ ತನ್ನ ಯುದ್ಧನೌಕೆ ನಿಲ್ಲಿಸಿತು. ಒಂದೇ ಬಾಗಿಲಿಗೆ ಒಳಗಿಂದ ಒಬ್ಬರ ಚಿಲಕ, ಹೊರಗಿಂದ ಇನ್ನೊಬ್ಬರದು. ಮಿಕ್ಕ ದೇಶಗಳೆಲ್ಲ ಎರಡೂ ಕಡೆಗೆ ಕೈಮುಗಿಯುತ್ತ ಓಡಾಡತೊಡಗಿದವು. ಯಾವ ಬಾವುಟದ ಹಡಗು, ಯಾರ ಮಾಲು, ಒಡೆಯ ಯಾರ ಪಕ್ಷ ಎಂದು ಅಳೆದು ಸುರಿದು ಒಂದೊಂದಾಗಿ ಬಿಡುತ್ತಿದ್ದರು. ಬಿಡದ ಹಡಗುಗಳು ಒಳಗೆ ಲಂಗರು ಹಾಕಿ ನಿಂತಿದ್ದವು. ನಮ್ಮ ಹುಡುಗಿಯದೂ ಅದರಲ್ಲಿ ಒಂದು. ತಲೆಯ ಮೇಲೆ ಡ್ರೋನುಗಳು ಹಾದುಹೋಗುತ್ತವೆ, ಪಕ್ಕದ ಹಡಗಿಗೆ ಬೆಂಕಿ ಬಿತ್ತು, ಕುಡಿಯುವ ನೀರು ಅಳೆದು ಕೊಡುತ್ತಿದ್ದಾರೆ ಎಂದು ಮೆಸೇಜು ಬರುತ್ತಿತ್ತು. ನೀರಿನ ಸಂಗತಿಯನ್ನು ಸರ್ ಅಮ್ಮನಿಗೆ ಹೇಳಿರಲಿಲ್ಲ, ನನಗೆ ಹೇಳಿದ್ದರು.

ಇಲ್ಲಿ ಗ್ರಾಂಟ್ ರೋಡಿನಲ್ಲಿ ಗ್ಯಾಸ್ ಸಿಲಿಂಡರಿಗೆ ಬರ ಬಂತು. ಪಕ್ಕದ ಹೋಟೆಲಿನವರು ದೋಸೆಯ ಕಾವಲಿ ಆರಿಸಿದರು. ಒಂದು ದಿನ ನನ್ನ ಗಿರಾಕಿಯೊಬ್ಬ, “ಇವರ ಯುದ್ಧ ಬೇಗ ಮುಗೀಲಿ ಸೇಠ್, ಮಸಾಲೆ ದೋಸೆ ಇಲ್ದೆ ಬೇಜಾರು ಬಂದ್‌ಬಿಟ್ಟಿದೆ,” ಎಂದ. ಸರ್ ಅಲ್ಲೇ ಸ್ಟೂಲಿನ ಮೇಲಿದ್ದರು. ನನಗೆ ಆ ಮನುಷ್ಯನ ಕುತ್ತಿಗೆ ಹಿಡಿಯುವಷ್ಟು ಸಿಟ್ಟು ಬಂತು. ಸರ್ ಬಸಿಯನ್ನು ಕೆಳಗಿಟ್ಟು ಅವನ ಕಡೆ ತಿರುಗಿ, “ಹೌದಪಾ, ಬೇಗ ಮುಗೀಬೇಕು,” ಎಂದರು. ಅಷ್ಟೇ. ಒಂದು ಹಿನ್ನೆಲೆ ಇಲ್ಲ, ಒಂದು ಕಾರಣ ಇಲ್ಲ. ಅವರು ಪಾಠ ಮಾಡದೆ ಬಿಟ್ಟದ್ದನ್ನು ನೋಡಿ ನನಗೆ ಹೆದರಿಕೆಯಾಯಿತು.

ಆಮೇಲೆ ದಿನಾ ಬರತೊಡಗಿದರು. ಹಡಗಿನ ಕಂಪನಿಗೆ, ಮಂತ್ರಿಗಳಿಗೆ, ಎರಡೂ ದೇಶಗಳ ದೂತಾವಾಸಗಳಿಗೆ ಅರ್ಜಿ. ಕೈಯಲ್ಲಿ ಬರೆದು ತರುವರು, ನಾನು ಟೈಪು ಮಾಡುವೆ. ಟಿವಿಯಲ್ಲಿ ಕೋಟು ತೊಟ್ಟವರು ಕೂತು ಯಾರು ಗೆದ್ದರು, ಯಾರು ಸೋತರು ಎಂದು ಕಿರುಚುತ್ತಿದ್ದರು. ಹಡಗಿನಲ್ಲಿ ಕೂತವರ ಸುದ್ದಿ ಕೆಳಗಡೆ ಪಟ್ಟಿಯಲ್ಲಿ ಓಡಿ ಮಾಯವಾಗುತ್ತಿತ್ತು.

ಒಂದು ಮಧ್ಯಾಹ್ನ ಸರ್ ಬಿಸಿಲಲ್ಲಿ ಹೆಚ್ಚುಕಡಿಮೆ ಓಡುತ್ತಲೇ ಬಂದರು. ಕಂಪನಿಯವರು ಫೋನು ಮಾಡಿದ್ದರಂತೆ. ನಮ್ಮ ಸರಕಾರದವರು ಮಾತಾಡಿದ ಮೇಲೆ ಬಾಗಿಲಿನ ದೇಶ ಇನ್ನೊಂದಿಷ್ಟು ಹಡಗು ಬಿಡಲು ಒಪ್ಪಿದೆ, ಪಟ್ಟಿಯಲ್ಲಿ ಇವರ ಮಗಳ ಹಡಗೂ ಇದೆ. ನಾನು ಎದ್ದು ಅವರ ಕಾಲು ಮುಟ್ಟಿದೆ. ಅವರು ಚೀಲದಿಂದ ನಾಲ್ಕು ಹಾಳೆ ತೆಗೆದರು.

“ಇದನ್ನ ಟೈಪ್ ಮಾಡು. ಇವತ್ತ ಆ ಬಾಗಲ ದೇಶದ ದೂತಾವಾಸಕ್ಕ ಮುಟ್ಟಬೇಕು.”

“ಪಟ್ಟಿಯಲ್ಲಿ ಹೆಸರು ಬಂತಲ್ಲ ಸರ್, ಇನ್ನೆಂತಕ್ಕೆ ಅರ್ಜಿ?”

“ಪಟ್ಟಿ ಅನ್ನೋವು ಎಷ್ಟು ಹುಟ್ಟಿ ಎಷ್ಟು ಸತ್ತಾವು, ನಾ ಓದೀನಿ. ಗಟ್ಟಿ ಮಾಡ್ಕೋಬೇಕು.”

ಟೈಪು ಮಾಡತೊಡಗಿದೆ. ಹಿನ್ನೆಲೆ, ಕಾರಣ, ಘಟನೆ, ಪರಿಣಾಮ. ಹಿನ್ನೆಲೆಯಲ್ಲಿ ಹಡಗಿನ ಪೂರ್ತಿ ಚರಿತ್ರೆ. ಎಲ್ಲಿ ಕಟ್ಟಿದ್ದು, ಮೊದಲ ಹೆಸರೇನು, ಈಗಿನ ಹೆಸರೇನು, ಎಷ್ಟು ಸಲ ಬಾವುಟ ಬದಲಾಯಿತು. ಈಗಿನ ಕಂಪನಿ ಕೊಳ್ಳುವ ಮೊದಲು ಅದು ಎದುರಾಳಿ ದೇಶದ ಒಂದು ಕಂಪನಿಯದಾಗಿತ್ತು ಎಂಬುದೂ ಇತ್ತು. ‘ಆದರೆ ಈಗ ಆ ದೇಶದೊಂದಿಗೆ ಯಾವ ಸಂಬಂಧವೂ ಇಲ್ಲವೆಂದು ಸ್ಪಷ್ಟಪಡಿಸುತ್ತೇನೆ’ ಎಂದು ಮುಂದೆ ಬರೆದಿದ್ದರು. ಆ ಸಾಲಿನ ಮೇಲೆ ನನ್ನ ಬೆರಳು ನಿಂತಿತು.

“ಸರ್, ಇದೊಂದು ಬೇಕಾ? ಅವರು ಕೇಳಲಿಲ್ಲವಲ್ಲ.”

“ಮುಚ್ಚಿಟ್ರ ಸಂಶಯ ಬರ್ತದ. ಹಿನ್ನೆಲೆ ಬಿಟ್ಟು ಉತ್ತರ ಬರದ್ರ ಎಷ್ಟು ಮಾರ್ಕು ಹೋಗ್ತಾವು?”

“ಎರಡು, ಸರ್.”

“ಹಾಂ, ಹೊಡಿ ಮತ್ತ.”

ಹೊಡೆದೆ. ನಾನು ಐವತ್ತು ದಾಟಿದವನು, ಇಪ್ಪತ್ತೈದು ವರ್ಷದಿಂದ ಜನರ ಅರ್ಜಿ ಟೈಪು ಮಾಡಿದವನು. ಅರ್ಜಿಯಲ್ಲಿ ಏನು ಬರೆಯಬಾರದು ಎಂದು ನನಗೆ ಗೊತ್ತಿತ್ತು. ಬೇರೆ ಗಿರಾಕಿಯಾಗಿದ್ದರೆ ಆ ಸಾಲು ಕಿತ್ತೆಸೆದು, ಯಾಕೆಂದು ಕೇಳಿದರೆ ಗದರಿಸುತ್ತಿದ್ದೆ. ಸರ್ ಮುಂದೆ ನಾನು ಮತ್ತೆ ಬೆಂಚಿನ ಹುಡುಗನೇ ಆದೆ. ಅವರೇ ಹೋಗಿ ದೂತಾವಾಸದ ಕಿಟಕಿಯಲ್ಲಿ ಕೊಟ್ಟು ಬಂದರು.

ಪಟ್ಟಿಯ ಹಡಗುಗಳು ಹೊರಟವು. ಅವಳದು ಹೊರಡಲಿಲ್ಲ. ಕಂಪನಿಯವನು ಫೋನಿನಲ್ಲಿ, ಹಡಗಿನ ಹಳೆಯ ಮಾಲೀಕತ್ವದ ಬಗ್ಗೆ ಅವರಿಗೆ ಏನೋ ಅನುಮಾನ ಬಂದಿದೆ, ಕಡತ ಮತ್ತೆ ತೆರೆದಿದ್ದಾರೆ ಎಂದ. ಮರುದಿನ ಸರ್ ಅಂಗಡಿಗೆ ಬಂದು ಆ ಅರ್ಜಿ ತೆಗೆ ಎಂದರು. ಪ್ರಿಂಟು ತೆಗೆದು ಕೊಟ್ಟೆ. ನಿಂತೇ ಓದಿದರು. ಕೆಂಪು ಪೆನ್ನು ತೆಗೆದು, ಕ್ಯಾಪು ಬಿಚ್ಚಿ, ಸ್ವಲ್ಪ ಹೊತ್ತು ಹಾಗೇ ಹಿಡಿದಿದ್ದು ಮತ್ತೆ ಜೇಬಿಗಿಟ್ಟರು.

“ನೀ ಹೇಳಿದ್ದೀ,” ಎಂದರು.

“ಇಲ್ಲ ಸರ್, ನಾನು ಕೇಳಿದ್ದು ಮಾತ್ರ. ಹೇಳಲಿಲ್ಲ.”

ಅರ್ಜಿಯಿಂದಲೇ ಹಾಗಾಯಿತೋ, ಅದಿಲ್ಲದೆಯೂ ಅವರಿಗೆ ಗೊತ್ತಿತ್ತೋ ನನಗೆ ತಿಳಿಯದು. ಹಡಗುಗಳ ಜಾತಕವೆಲ್ಲ ಕಂಪ್ಯೂಟರಿನಲ್ಲಿ ಸಿಗುತ್ತದೆ ಎಂದು ಕಂಪನಿಯವನೇ ಸಮಾಧಾನ ಹೇಳಿದ. ನಾನೂ ಅದನ್ನೇ ಹತ್ತು ಸಲ ಹೇಳಿದೆ. ಸರ್ ತಲೆಯಾಡಿಸುವರು, ನಂಬಲಿಲ್ಲ. ಊಟ ಬಿಟ್ಟರು. ಭೂಪಟದ ಮುಂದೆ ಕುರ್ಚಿ ಹಾಕಿಕೊಂಡು ಕೂತಲ್ಲೇ ಇರುತ್ತಿದ್ದರು. ಮಗಳ ಫೋನು ಬಂದಾಗ ಮಾತ್ರ ದನಿ ಸರಿಮಾಡಿಕೊಂಡು, ಗಾಳಿ ಯಾವ ಕಡೆ, ಎಷ್ಟು ಆಳದಲ್ಲಿ ನಿಂತಿದ್ದೀರಿ ಎಂದೆಲ್ಲ ಕೇಳುತ್ತಿದ್ದರು. ಫೋನಿಟ್ಟ ಮೇಲೆ ಗೋಡೆ ಹಿಡಿದುಕೊಳ್ಳುವರು. ಹತ್ತು ದಿನ ಹೀಗೆ ನಡೆದು, ಎದೆ ನೋವೆಂದು ಪರೇಲಿನ ಆಸ್ಪತ್ರೆಗೆ ಸೇರಿಸಬೇಕಾಯಿತು.

ಆಸ್ಪತ್ರೆಯಲ್ಲಿ ನನ್ನನ್ನು ಹತ್ತಿರ ಕರೆದರು. ಮೂಗಿಗೆ ನಳಿಗೆ ಇತ್ತು.

“ನಾ ಮೂವತ್ತು ವರ್ಷ ಜಲಸಂಧಿ ಕಲಿಸಿದ್ನಲ್ಲೋ. ಸುಲ್ತಾನ ಅಂದೆ, ಸಾಮ್ರಾಜ್ಯ ಅಂದೆ, ಹಡಗ ಅಂದೆ. ಹಡಗಿನ್ಯಾಗ ಮಂದಿ ಇರ್ತಾರ ಅಂತ ಒಂದು ದಿನಾನೂ ಹೇಳಲಿಲ್ಲ ನೋಡು.”

ನಾನು ಅವರ ಕೈ ಹಿಡಿದು ಕೂತೆ. ಅಳು ತಡೆಯಲಾಗದೆ ಮುಖ ಆಚೆ ತಿರುಗಿಸಿದೆ.

“ಇನ್ನೊಂದು ಅರ್ಜಿ ಬರಕೋ,” ಎಂದರು. ಔಷಧದ ಚೀಟಿಯ ಹಿಂದೆ ಬರೆದುಕೊಂಡೆ. “ಆ ಹಡಗಿನ್ಯಾಗ ನನ್ನ ಮಗಳು ಇದ್ದಾಳ. ದಯಮಾಡಿ ಬಿಡ್ರಿ.” ಮುಂದಿನದಕ್ಕೆ ಕಾದೆ. “ಅಷ್ಟ. ಹಿನ್ನೆಲೆ ಬ್ಯಾಡ. ಎರಡೂ ದೇಶಕ್ಕ ಕಳಸು.”

ಕಳಿಸಿದೆ. ಇಂಗ್ಲಿಷು ಮಾಡಿದ್ದು ಬಿಟ್ಟರೆ ಒಂದು ಮಾತೂ ಕೂಡಿಸಲಿಲ್ಲ, ಕಳೆಯಲಿಲ್ಲ. ಮೂರನೆಯ ದಿನ ಬೆಳಿಗ್ಗೆ ಸರ್ ಹೋಗಿಬಿಟ್ಟರು.

ಬೆಂಕಿ ಕೊಟ್ಟವನು ಅವರ ತಮ್ಮನ ಮಗ. ಮಗಳಿಗೆ ಹೇಳಲಿಲ್ಲ. ಅದು ಅಮ್ಮನ ತೀರ್ಮಾನ. ನಾನು ತಪ್ಪೆಂದೆ, ಅವಳಿಗೆ ಗೊತ್ತಾಗಬೇಡವೇ ಎಂದು ಜಗಳಕ್ಕೇ ನಿಂತೆ. ಅಮ್ಮನ ಕಣ್ಣಲ್ಲಿ ಒಂದು ಹನಿ ಇರಲಿಲ್ಲ.

“ಅಲ್ಲಿ ನೀರಾಗ ಬಾಂಬ್ ಇಟ್ಟಾರಂತ. ಅಕಿ ಹಡಗ ನಡಸೋಕಿ. ಅಕಿ ಕೈ ನಡುಗಿದ್ರ ಅಷ್ಟೂ ಮಂದಿ ಗತಿ ಏನು? ಅವರೆಲ್ಲಾರಿಗೂ ಮನ್ಯಾಗ ಒಬ್ಬ ತಾಯಿ ಇಲ್ಲೇನು? ಹೊರಗ ಬರಲಿ, ಆಮ್ಯಾಲ ಹೇಳೋಣು.” ಸರ್ ಮೊಬೈಲು ನನ್ನ ಕೈಗಿಟ್ಟು, “ನನ್ನ ಬಾಯಾಗ ಸುಳ್ಳು ನಿಲ್ಲಂಗಿಲ್ಲ. ನೀನ ಮಾತಾಡು,” ಎಂದರು.

ಹೀಗೆ ನಾನು ಸುಳ್ಳುಗಾರನಾದೆ. ಫೋನು ಬಂದರೆ, ಸರ್‌ಗೆ ಗಂಟಲು ಕಟ್ಟಿದೆ, ಡಾಕ್ಟರು ಮಾತಾಡಬೇಡಿ ಅಂದಿದ್ದಾರೆ. ಮೆಸೇಜು ಬಂದರೆ, ನಾಳೆ ಬರೆಯುತ್ತಾರೆ. ಅವರ ಮನೆಯಲ್ಲಿ, ಹಾರ ಹಾಕಿದ ಸರ್ ಫೋಟೋದ ಎದುರೇ ಕೂತು ಹೀಗೆ ಹೇಳುವಾಗ ನಾಚಿಕೆಯಿಂದ ಸಾಯುವಂತಾಗುತ್ತಿತ್ತು. ನನ್ನ ಅಂಗಡಿ ಅರೆ ಮುಚ್ಚಿತ್ತು. ಹೆಂಡತಿ, “ಇನ್ನೆಷ್ಟು ದಿನ ಹೀಗೆ?” ಎಂದು ಕೇಳಿದರೆ ಅವಳ ಮೇಲೆ ಹರಿಹಾಯುತ್ತಿದ್ದೆ.

ಆರನೆಯ ದಿನ ಬೆಳಿಗ್ಗೆ ಕರೆ ಬಂತು. ಅಮ್ಮ ಒಳಗೆ ಸ್ನಾನಕ್ಕೆ ಹೋಗಿದ್ದರು.

“ಅಂಕಲ್, ಕ್ಲಿಯರೆನ್ಸ್ ಬಂತು. ಎರಡೂ ಕಡೆಯಿಂದ. ನಾಳೆ ಹೊರಡ್ತೀವಿ. ಆ ಸಣ್ಣ ಜಾಗಾ ಬರೋಹೊತ್ತಿಗೆ ನನ್ನದ ವಾಚ್ ಅದ, ಹಡಗ ನಡಸೋ ಪಾಳಿ.”

ನಾನು ಎದ್ದು ನಿಂತೆ. “ದೇವರು ದೊಡ್ಡವನು ಮಗಾ. ಸರ್ ಈಗಷ್ಟೇ ಮಲಗಿದ್ರು, ಇಂಜೆಕ್ಷನ್ ಕೊಟ್ಟಿದ್ದಾರೆ. ಎದ್ದ ಕೂಡಲೇ ಹೇಳ್ತೇನೆ.”

ಆ ಕಡೆ ಇಂಜಿನ್ನಿನ ಸದ್ದು ಕೇಳುತ್ತಿತ್ತು.

“ಅಂಕಲ್,” ಎಂದಳು, “ನಾನು ಹೊರ್ಮುಜ್ ದಾಟೋ ಸುದ್ದಿಗೆ ಕಾಯೋದು ಬಿಟ್ಟು ಪಪ್ಪಾ ಮಲಗ್ತಾರೇನು?”

ನಾನು ಸ್ನಾನದ ಮನೆಯ ಬಾಗಿಲ ಕಡೆ ನೋಡಿದೆ.

“ಇರಲಿ ಬಿಡ್ರಿ, ಹೇಳಬ್ಯಾಡ್ರಿ. ನನಗ ಗೊತ್ತಾಗ್ಯದ ಅಂತ ಮಮ್ಮಿಗೂ ಹೇಳಬ್ಯಾಡ್ರಿ. ನಾಳೆ ನನಗ ಡ್ಯೂಟಿ ಅದ.” ಫೋನಿಡುವ ಮೊದಲು, “ದಾಟಿದ ಮ್ಯಾಲ ಅಳ್ತೀನಿ,” ಎಂದಳು.

ಮರುದಿನ ಅಂಗಡಿ ತೆರೆಯಲಿಲ್ಲ. ಬೆಳಗಿನಿಂದ ಬೈಕುಲ್ಲಾದ ಸರ್ ಮನೆಯ ಖೋಲಿಯಲ್ಲಿ ಮೊಬೈಲು ಮುಂದಿಟ್ಟುಕೊಂಡು ಕೂತಿದ್ದೆ. ಅಮ್ಮ ಅವಲಕ್ಕಿ ಮಾಡಿಕೊಟ್ಟರು, ಇಬ್ಬರೂ ತಿನ್ನಲಿಲ್ಲ. ಮೂರು ಗಂಟೆ ದಾಟಿತು, ನಾಲ್ಕಾಯಿತು. ನಾಲ್ಕೂವರೆಗೆ ಫೋನು ರಿಂಗಾಯಿತು. ಕಿವಿಗಿಟ್ಟುಕೊಂಡು ಹಲೋ ಎಂದೆ. ಅವಳು ಉಸಿರು ಕಟ್ಟಿಕಟ್ಟಿ, ಬಿಕ್ಕಿಬಿಕ್ಕಿ, ಸಣ್ಣ ಮಗುವಿನ ಹಾಗೆ ಅಳುತ್ತಿದ್ದಳು.

ಅಮ್ಮ ನನ್ನ ಮುಖವನ್ನೇ ನೋಡುತ್ತಿದ್ದರು.

“ದಾಟಿದಳು ಅಮ್ಮ,” ಎಂದೆ.